ಬೆಳಗಿನ ಜಾವ ಮಿಸ್ ಕೇರಳ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತವೆ, ಔಷಧಿ ಹಾಕಬೇಕಾ?

ಹಸಿರುಗಾಜು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಮನೆ, ಮೇಲಿನ ಮಹಡಿ. ನಾಲ್ಕಡಿ ಟ್ಯಾಂಕು, ಸುಮಾರು 200 ಲೀಟರ್ ನೀರು. ಎಂಟು ಮಿಸ್ ಕೇರಳ, ಒಂದು ಜೊತೆ ಗುರಾಮಿ ಇವೆ, ಗಿಡಗಳೂ ದಟ್ಟವಾಗಿವೆ. ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯಂಥದ್ದು) ಹಾಕಿದ್ದೇನೆ, ಸದ್ದು ಬರಬಾರದು ಅಂತ ನೀರು ಬರುವ ಪೈಪನ್ನು ಪೂರ್ತಿ ಮುಳುಗಿಸಿದ್ದೇನೆ. ಈ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೀರು 30 ಡಿಗ್ರಿ ಮುಟ್ಟುತ್ತಿದೆ.

ಸಂಜೆವರೆಗೂ ಮೀನುಗಳು ಚೆನ್ನಾಗಿ ಓಡಾಡಿಕೊಂಡಿರುತ್ತವೆ. ಬೆಳಗಿನ ಜಾವ ಎದ್ದು ನೋಡಿದರೆ ಮಿಸ್ ಕೇರಳ ಅಷ್ಟೂ ಮೇಲಿನ ಒಂದು ಮೂಲೆಯಲ್ಲಿ ಗುಂಪಾಗಿ ನಿಂತಿರುತ್ತವೆ, ಬಾಯಿ ನೀರಿನ ಮಟ್ಟಕ್ಕೆ, ಕಿವಿರು ಜೋರಾಗಿ ಬಡಿದುಕೊಳ್ಳುತ್ತಿರುತ್ತದೆ. ಲೈಟ್ ಹಾಕಿ ಒಂದೆರಡು ಗಂಟೆ ಕಳೆದರೆ ತಾವೇ ಕೆಳಗಿಳಿಯುತ್ತವೆ. ಗುರಾಮಿಗಳಿಗೆ ಏನೂ ಆಗಿಲ್ಲ. ಅಂಗಡಿಯವರು ಕಿವಿರಿನ ರೋಗ ಅಂತ ಒಂದು ಔಷಧಿ ಕೊಟ್ಟಿದ್ದಾರೆ. ಹಾಕಲಾ ಬೇಡವಾ?

ಹೊಳೆಮೀನು:

ಔಷಧಿ ಸದ್ಯಕ್ಕೆ ಬೇಡ ಸರ್. ರಾತ್ರಿ ಜೋರಾಗಿ, ಬೆಳಿಗ್ಗೆ ಲೈಟ್ ಹಾಕಿದ ಮೇಲೆ ತಾನೇ ವಾಸಿಯಾಗುವ ಕಿವಿರಿನ ರೋಗ ಯಾವುದೂ ಇಲ್ಲ. ಇದು ಆಮ್ಲಜನಕದ ಕೊರತೆ, ನಿಮ್ಮ ಗುರಾಮಿಗಳೇ ಅದನ್ನು ಹೇಳುತ್ತಿವೆ. ಗುರಾಮಿ, ಬೆಟ್ಟಾ ಇವುಗಳ ತಲೆಯೊಳಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಒಂದು ಅಂಗ ಇದೆ, ಹಾಗಾಗಿ ನೀರಲ್ಲಿ ಆಮ್ಲಜನಕ ಕಮ್ಮಿಯಾದರೂ ಮೇಲೆ ಬಂದು ಒಂದು ಗುಟುಕು ಗಾಳಿ ತಗೊಂಡು ಹೋಗುತ್ತವೆ. ಮಿಸ್ ಕೇರಳಕ್ಕೆ ಆ ಅನುಕೂಲ ಇಲ್ಲ. ಅದು ಪಶ್ಚಿಮ ಘಟ್ಟದ ಹೊಳೆಗಳ ಮೀನು. ಚಾಲಿಯಾರ್, ವಳಪಟ್ಟಣಂ, ನಮ್ಮ ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಕಾಸರಗೋಡಿನ ಹತ್ತಿರ ಸಮುದ್ರ ಸೇರುವ ಚಂದ್ರಗಿರಿ, ಇಂಥ ಕಡೆ ಬಂಡೆಗಳ ನಡುವೆ ನೊರೆ ಎದ್ದು ಹರಿಯುವ ತಣ್ಣನೆ ನೀರಲ್ಲಿ ಬೆಳೆಯುವಂಥದ್ದು.

ಈಗ ನಿಮ್ಮ ಟ್ಯಾಂಕಿನ ಲೆಕ್ಕ ನೋಡಿ. ಸಮುದ್ರ ಮಟ್ಟದಲ್ಲಿ 20 ಡಿಗ್ರಿ ನೀರು ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, 30 ಡಿಗ್ರಿಗೆ ಅದು 7.5ಕ್ಕೆ ಇಳಿಯುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಮ್ಮಿ, ಅದರಲ್ಲಿ ಇನ್ನೊಂದು ಹತ್ತು ಪರ್ಸೆಂಟ್ ಕಳೆಯಿರಿ. ಅಂದರೆ ತುಂಬಿ ತುಳುಕಿದರೂ 7ರ ಒಳಗೇ. ಇತ್ತ ಬಿಸಿ ಜಾಸ್ತಿ ಆದಷ್ಟೂ ಮೀನಿಗೆ ಬೇಕಾಗುವುದೂ ಜಾಸ್ತಿ. ಹಗಲು ಗಿಡಗಳು ಆಮ್ಲಜನಕ ಬಿಡುತ್ತವೆ, ಲೈಟ್ ಆರಿದ ಮೇಲೆ ಅವೂ ಮೀನಿನ ಹಾಗೆ ಎಳೆದುಕೊಳ್ಳುತ್ತವೆ, ಫಿಲ್ಟರಿನಲ್ಲಿದ್ದು ಮೀನಿನ ಕೊಳೆ ತೆಗೆಯುವ ಬ್ಯಾಕ್ಟೀರಿಯಾಗಳೂ ಅಷ್ಟೇ. ಬೆಳಗಿನ ಜಾವಕ್ಕೆ ಎಲ್ಲಕ್ಕಿಂತ ಕಮ್ಮಿ ಇರುತ್ತದೆ, ನೀವು ನೋಡುತ್ತಿರುವುದು ಅದನ್ನೇ.

ಇವತ್ತೇ ಮಾಡಬೇಕಾದ್ದು, ಆ ಪೈಪನ್ನು ಮೇಲಕ್ಕೆತ್ತಿ. ಗಾಳಿ ನೀರಿಗೆ ಸೇರುವುದು ಮೇಲ್ಮೈಯಲ್ಲಿ, ಮೇಲ್ಮೈ ಅಲುಗಾಡದಿದ್ದರೆ ಎಷ್ಟು ದೊಡ್ಡ ಫಿಲ್ಟರ್ ಇದ್ದರೂ ಸುಮ್ನೆ. ನೀರು ಈ ತುದಿಯಿಂದ ಆ ತುದಿವರೆಗೆ ಅಲೆ ಅಲೆಯಾಗಿ ಕದಡಬೇಕು. ನೀರಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟಿದೆಯಾ ನೋಡಿ, ಇದ್ದರೆ ಪೇಪರ್ ಟವೆಲ್ ಹಾಸಿ ಎತ್ತಿಬಿಡಿ. ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಟ್ಟಿದ್ದರೆ ರಾತ್ರಿ ಬಂದ್ ಆಗಲೇಬೇಕು. ರಾತ್ರಿ ಊಟ ಹಾಕಬೇಡಿ.

ಹಸಿರುಗಾಜು:

ಪೈಪು ಎತ್ತಿದೆ, ಸಿಲಿಂಡರ್ ಇಲ್ಲ. ಒಂದು ಏರ್ ಪಂಪೂ ಹಾಕಿದರೆ ಒಳ್ಳೆಯದಾ? ಇಲ್ಲಿ ರಾತ್ರಿ ಕರೆಂಟ್ ಬೇರೆ ಹೋಗುತ್ತೆ, ಅದೇ ದೊಡ್ಡ ಭಯ.

ಸ್ಪಾಂಜ್ ಫಿಲ್ಟರ್:

ಏರ್ ಪಂಪ್ ಖಂಡಿತ ಹಾಕಿ ಸರ್. ಗುಳ್ಳೆ ಮೇಲೆ ಬರುವಾಗ ತಳದ ನೀರನ್ನೂ ಜೊತೆಗೆ ಎತ್ತಿಕೊಂಡು ಬರುತ್ತೆ, ಮೇಲೆ ಬಂದು ಒಡೆಯುವಾಗ ಮೇಲ್ಮೈ ಕದಡುತ್ತೆ. ಹೆಚ್ಚಿನ ಲಾಭ ಅದೇ, ಗುಳ್ಳೆಯೊಳಗಿನ ಗಾಳಿ ಕರಗುವುದು ಅದರ ಮುಂದೆ ಕಮ್ಮಿ.

ಕರೆಂಟ್ ವಿಷಯಕ್ಕೆ, ಯುಎಸ್‌ಬಿ ಏರ್ ಪಂಪ್ ಒಂದು ತಗೊಂಡು ಪವರ್ ಬ್ಯಾಂಕಿಗೆ ಸಿಕ್ಕಿಸಿಡಿ. ಎಳೆಯುವ ಕರೆಂಟ್ ತೀರಾ ಕಮ್ಮಿ, ರಾತ್ರಿ ಕಳೆಯುತ್ತೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಟ್ಯಾಂಕಿನ ಪ್ಲಗ್ ಆ ಲೈನಿಗೆ ಹಾಕಿಸಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಪೈಪಿನಲ್ಲಿ ಒಂದು ಚೆಕ್ ವಾಲ್ವ್ ಇರಲಿ. ಇಲ್ಲದಿದ್ದರೆ ಪಂಪ್ ನಿಂತಾಗ ನೀರು ವಾಪಸ್ ಹರಿದು ನೆಲವೆಲ್ಲ ಒದ್ದೆಯಾಗುತ್ತೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಕ್ಯಾನಿಸ್ಟರ್ ಕೆಲವು ಗಂಟೆ ನಿಂತರೆ ಒಳಗಿನ ನೀರಲ್ಲಿರುವ ಆಮ್ಲಜನಕವನ್ನು ಬ್ಯಾಕ್ಟೀರಿಯಾ ತಿಂದು ಮುಗಿಸಿ ಆಮೇಲೆ ಸಾಯಲು ಶುರುವಾಗುತ್ತವೆ. ಕರೆಂಟ್ ಬಂದ ತಕ್ಷಣ ಆ ಕೊಳಕೆಲ್ಲ ನೇರವಾಗಿ ಟ್ಯಾಂಕಿಗೆ ಬರುತ್ತೆ. ಜಾಸ್ತಿ ಹೊತ್ತು ನಿಂತಿದ್ದರೆ ಮುಚ್ಚಳ ತೆಗೆದು ಮೂಸಿ ನೋಡಿ, ಕೊಳೆತ ಮೊಟ್ಟೆ ವಾಸನೆ ಇದ್ದರೆ ಆ ನೀರು ಚೆಲ್ಲಿ, ಒಳಗಿನ ಸ್ಪಾಂಜನ್ನು ಟ್ಯಾಂಕಿನದೇ ನೀರಲ್ಲಿ ಅದ್ದಿ ತೊಳೆದು ಆಮೇಲೆ ಹಾಕಿ.

ಕಲ್ಲುಪಾಚಿ:

ಮೇಲಿನವರು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ, ಆದರೆ ನೈಟ್ರೈಟ್ (ಮೀನಿನ ಕೊಳೆಯಿಂದ ನೀರಲ್ಲಿ ಸೇರುವ ವಿಷ) ಪರೀಕ್ಷೆ ಮಾಡದೆ ಬಿಡಬೇಡಿ. ನೀರಲ್ಲಿ ಎಷ್ಟೇ ಆಮ್ಲಜನಕ ಇರಲಿ, ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತ ಆ ಆಮ್ಲಜನಕವನ್ನು ಹೊರಲಾರದು, ಮೀನು ಹೀಗೇ ಮೇಲೆ ಬಂದು ಒದ್ದಾಡುತ್ತೆ. ಗುರುತು ಅಂದರೆ ಕಿವಿರಿನ ಬಣ್ಣ. ಮೀನು ಉಸಿರೆಳೆಯುವಾಗ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ, ಕೆಂಪಾಗಿದ್ದರೆ ಸರಿ, ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ಇರಬಹುದು. ಆಗ ನೀರು ಬದಲಾಯಿಸಿ, ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿ ಹಾಕಿ, ಉಪ್ಪಿನ ಕ್ಲೋರೈಡ್ ನೈಟ್ರೈಟ್ ಒಳಗೆ ಹೋಗದ ಹಾಗೆ ತಡೆಯುತ್ತೆ. ಆದರೆ ನಿಮ್ಮ ಮೀನು ಹಗಲು ಪೂರ್ತಿ ಸುಧಾರಿಸಿಕೊಳ್ಳುತ್ತಿವೆ, ಹಾಗಾಗಿ ಆ ಸಾಧ್ಯತೆ ಕಮ್ಮಿ.

ಬಿಸಿಗೆ, ನೀರಿನ ಮೇಲೆ ಬೀಸುವ ಹಾಗೆ ಒಂದು ಚಿಕ್ಕ ಫ್ಯಾನ್ ಇಡಿ, ಎರಡು ಮೂರು ಡಿಗ್ರಿ ಇಳಿಯುತ್ತೆ. ಐಸ್ ಸುರಿಯಬೇಡಿ, ದಿಢೀರ್ ಬದಲಾವಣೆ ಇವಕ್ಕೆ ಆಗಿಬರಲ್ಲ. ಆವಿಯಾದ ನೀರನ್ನು ಆಗಾಗ ತುಂಬಿಸಿ, ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರವ ಮೊದಲು ಹಾಕಿ, ಕ್ಲೋರಿನ್ ಕಿವಿರನ್ನೇ ಸುಡುತ್ತೆ.

ಮುಂದೆ ಇನ್ನಷ್ಟು ತರುವುದಿದ್ದರೆ ಸಾಕಣೆಯಲ್ಲಿ ಹುಟ್ಟಿದ ಮರಿ ಕೇಳಿ ತಗೊಳ್ಳಿ, ದಯವಿಟ್ಟು. ಅಕ್ವೇರಿಯಂ ವ್ಯಾಪಾರಕ್ಕೆ ಹೊಳೆಯಿಂದ ಹಿಡಿದು ಹಿಡಿದು ಈ ಮೀನು ಅಳಿವಿನಂಚಿನ ಪಟ್ಟಿ ಸೇರಿದೆ. ಹೊಳೆಯಿಂದ ಬಂದದ್ದು ಪ್ಯಾಕೆಟ್ಟಿನಲ್ಲೇ ಅರ್ಧ ಸತ್ತಿರುತ್ತೆ ಕೂಡ.

ಹಸಿರುಗಾಜು:

ಕಿವಿರು ಕೆಂಪಾಗೇ ಇದೆ, ನೈಟ್ರೈಟ್ ಸೊನ್ನೆ ಬಂತು. ಪೈಪು ಎತ್ತಿ, ಏರ್ ಪಂಪ್ ಹಾಕಿದ ಮೇಲೆ ಇವತ್ತು ಬೆಳಗಿನ ಜಾವ ಎಲ್ಲವೂ ನಡುನೀರಲ್ಲೇ ಇದ್ದವು. ಔಷಧಿ ವಾಪಸ್ ಕೊಡ್ತೀನಿ. ಫ್ಯಾನ್ ಇಟ್ಟರೆ ಮುಚ್ಚಳದ ಗಾಜು ತೆಗೆಯಬೇಕಲ್ವಾ, ಮಿಸ್ ಕೇರಳ ಹಾರುತ್ತವೆ ಅಂತಾರೆ?

ಹೊಳೆಮೀನು:

ಹಾರುತ್ತವೆ, ಅದೂ ಚೆನ್ನಾಗಿಯೇ. ಗಾಜು ತೆಗೆದು ಸೊಳ್ಳೆ ಪರದೆಯ ಜಾಲರಿ ಬಿಗಿಯಾಗಿ ಕಟ್ಟಿ, ಗಾಳಿಯೂ ಆಡುತ್ತೆ.