ಲೀಸಾಳ ಗಂಡನಿಗೆ ಸಿಗದ ಚಿತ್ರ

ಶ್ರೀಧರ ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಮೋನಾಲಿಸಾ ಹೆಂಗಸೇ ಅಲ್ಲ! ಲಿಯೊನಾರ್ಡೊ ಡಾ ವಿಂಚಿ ಹೆಣ್ಣು ವೇಷದಲ್ಲಿ ಬರೆದುಕೊಂಡ ತನ್ನದೇ ಮುಖ!! ಕಣ್ಣಿನೊಳಗೆ ಗುಪ್ತ ಅಕ್ಷರಗಳು!! ನೆಪೋಲಿಯನ್ ಇಟಲಿಯಿಂದ ಲೂಟಿ ಮಾಡಿದ ಚಿತ್ರ. ಈಗ ಪ್ಯಾರಿಸಿನಲ್ಲಿರುವುದು ನಕಲಿ. ಎಲ್ಲರಿಗೂ ತಿಳಿಸಿ.

ಸುಮಾ ಅತ್ತೆ: ಹುಬ್ಬೇ ಇಲ್ಲದ ಆ ಮುಖದ ಮೇಲೆ ನನಗೆ ಮೊದಲಿನಿಂದಲೂ ಅನುಮಾನವಿತ್ತು ಅಣ್ಣ.

ಚೈತ್ರಾ: ದೊಡ್ಡಪ್ಪ, ಇದರಲ್ಲಿ ಒಂದೂ ನಿಲ್ಲುವುದಿಲ್ಲ. ಆಕೆ ಲೀಸಾ ಗೆರಾರ್ದಿನಿ, ಇಟಲಿಯ ಫ್ಲಾರೆನ್ಸಿನ ರೇಷ್ಮೆ ವ್ಯಾಪಾರಿ ಫ್ರಾಂಚೆಸ್ಕೊ ದೆಲ್ ಜೊಕೊಂದೊನ ಹೆಂಡತಿ. ಚಿತ್ರವನ್ನು ಫ್ರಾನ್ಸಿಗೆ ಒಯ್ದವನು ಲಿಯೊನಾರ್ಡೊನೇ, 1516ರ ಸುಮಾರಿಗೆ. ನೆಪೋಲಿಯನ್ ಹುಟ್ಟಿದ್ದು 1769ರಲ್ಲಿ.

ಶ್ರೀಧರ ದೊಡ್ಡಪ್ಪ: ನೆಪೋಲಿಯನ್ನನ ಮಲಗುವ ಕೋಣೆಯಲ್ಲಿ ಅದು ಇತ್ತೆಂದು ನಾನೇ ಓದಿದ್ದೇನೆ.

ಚೈತ್ರಾ: ಇತ್ತು. ಆ ಹೊತ್ತಿಗೆ ಅದು ಫ್ರಾನ್ಸಿನದೇ ಸೊತ್ತಾಗಿತ್ತು. ನಿಮ್ಮ ಹಾಗೆಯೇ ಲೂಟಿ ಎಂದು ನಂಬಿದವನು ಇನ್ನೊಬ್ಬನಿದ್ದ, ಇಟಲಿಯ ವಿಂಚೆನ್ಜೊ ಪೆರೂಜಾ. 1911ರ ಆಗಸ್ಟ್ 21ರಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಿಂದ ಅದನ್ನು ಕದ್ದದ್ದು ಅವನೇ. ಎರಡು ವರ್ಷ ತನ್ನ ಬಳಿ ಬಚ್ಚಿಟ್ಟುಕೊಂಡು, 1913ರಲ್ಲಿ ಫ್ಲಾರೆನ್ಸಿನಲ್ಲಿ ಮಾರಲು ಹೋಗಿ ಸಿಕ್ಕಿಬಿದ್ದ. ದೇಶಭಕ್ತಿಯಿಂದ ಮಾಡಿದೆ ಎಂದ. ಅಷ್ಟು ಭಕ್ತಿ ಇದ್ದವನು ಬೆಲೆ ಏಕೆ ಕೇಳಿದನೋ!

ಶ್ರೀಧರ ದೊಡ್ಡಪ್ಪ: ಎರಡು ವರ್ಷದಲ್ಲಿ ನಕಲು ಮಾಡಿ ಇಟ್ಟಿರಬಹುದಲ್ಲ?

ಚೈತ್ರಾ: ಪಾಪ್ಲರ್ ಮರದ ಹಲಗೆಯ ಮೇಲಂಚಿನಿಂದ ಕೂದಲಿನವರೆಗೆ ಒಂದು ಸೀಳು ಇಳಿದಿದೆ. ಬಣ್ಣದ ತುಂಬ ಬಲೆಯಂಥ ಬಿರುಕುಗಳಿವೆ. ನಗುವನ್ನು ನಕಲು ಮಾಡಬಹುದು, ಅಷ್ಟೂ ಬಿರುಕುಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಮಾಡುವವರು ಯಾರು? ಅತ್ತೆ, ಹುಬ್ಬಿನ ಬಗ್ಗೆ: ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿ ಲಿಯೊನಾರ್ಡೊನ ಕಾರ್ಯಾಗಾರದ ಪ್ರತಿಯೊಂದಿದೆ. ಅದರಲ್ಲಿ ಹುಬ್ಬು ಇದೆ, ಉಡುಪಿನ ತೋಳುಗಳು ಕೆಂಪಗಿವೆ. ಮೂಲಚಿತ್ರದ ಮಂಕು ಹಳದಿ ಬಹುಮಟ್ಟಿಗೆ ಹಳೆಯ ವಾರ್ನಿಶ್‌ನದು.

ಸುಮಾ ಅತ್ತೆ: ಕೆಂಪು ತೋಳೇ! ಆ ಪ್ರತಿಯ ಫೋಟೊ ಹಾಕು.

ರಘು ಚಿಕ್ಕಪ್ಪ: ಚೈತ್ರಾ, ಲೀಸಾ ಎಂದು ಅಷ್ಟು ಸಲೀಸಾಗಿ ತೀರ್ಪು ಕೊಡಬೇಡ. 1517ರಲ್ಲಿ ಫ್ರಾನ್ಸಿನಲ್ಲಿ ಲಿಯೊನಾರ್ಡೊನನ್ನು ಕಂಡ ಆಂತೋನಿಯೊ ದೆ ಬಿಯಾತಿಸ್ ಎಂಬ ಕಾರ್ಡಿನಲ್‌ನ ಕಾರ್ಯದರ್ಶಿ, ಅಲ್ಲಿದ್ದ ಫ್ಲಾರೆನ್ಸಿನ ಹೆಂಗಸೊಬ್ಬಳ ಚಿತ್ರವನ್ನು ಬರೆಸಿದವನು ಫ್ಲಾರೆನ್ಸನ್ನು ಆಳಿದ ಮನೆತನದ ಜೂಲಿಯಾನೊ ದೆ ಮೆದಿಚಿ ಎಂದು ಬರೆದಿಟ್ಟಿದ್ದಾನೆ. ರೇಷ್ಮೆ ವ್ಯಾಪಾರಿಯ ಸುದ್ದಿಯೇ ಅಲ್ಲಿಲ್ಲ.

ಶ್ರೀಧರ ದೊಡ್ಡಪ್ಪ: ಹಾಗೆ ಕೇಳು ರಘು!

ಚೈತ್ರಾ: ಚಿಕ್ಕಪ್ಪ, ಅದಕ್ಕಿಂತ ಹಳೆಯ ಸಾಕ್ಷಿ ಇದೆ. ಫ್ಲಾರೆನ್ಸಿನ ಅಧಿಕಾರಿ ಅಗಸ್ಟೀನೊ ವೆಸ್ಪೂಚಿ ತಾನು ಓದುತ್ತಿದ್ದ, ಪ್ರಾಚೀನ ರೋಮ್‌ನ ವಾಗ್ಮಿ ಸಿಸೆರೊನ ಪತ್ರಗಳ ಪುಸ್ತಕದ ಅಂಚಿನಲ್ಲಿ, 1503ರ ಅಕ್ಟೋಬರಿನಲ್ಲಿ, ಲಿಯೊನಾರ್ಡೊ ಲೀಸಾ ದೆಲ್ ಜೊಕೊಂದೊಳ ಮುಖ ಬರೆಯುತ್ತಿದ್ದಾನೆಂದು ಗೀಚಿದ್ದಾನೆ. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದು ಕಣ್ಣಿಗೆ ಬಿದ್ದದ್ದು 2005ರಲ್ಲಿ.

ರಘು ಚಿಕ್ಕಪ್ಪ: ಸರಿ, ಲೀಸಾಳೇ ಇರಲಿ. ಹಾಗಾದರೆ ಚಿತ್ರ ಗಂಡನ ಮನೆ ಏಕೆ ಸೇರಲಿಲ್ಲ? ಮೆದಿಚಿ ನಡುವೆ ಎಲ್ಲಿಂದ ಬಂದ?

ಚೈತ್ರಾ: ಗುಟ್ಟು ಎನ್ನುವುದಾದರೆ ಇದನ್ನು ಎನ್ನಬೇಕು, ಗಡ್ಡ ಬೋಳಿಸಿದ ಲಿಯೊನಾರ್ಡೊನ ಕಥೆಯನ್ನಲ್ಲ. ಚಿತ್ರ ಬರೆಸಿದ ಒಪ್ಪಂದವಾಗಲಿ ರಸೀದಿಯಾಗಲಿ ಯಾರಿಗೂ ಸಿಕ್ಕಿಲ್ಲ. ಲಿಯೊನಾರ್ಡೊನಿಗೆ ಅದನ್ನು ಕೈಬಿಡಲು ಮನಸ್ಸಾಗಲಿಲ್ಲ ಎಂಬುದು ನನ್ನ ಲೆಕ್ಕ. 2010ರಲ್ಲಿ ಕ್ಷಕಿರಣದಿಂದ ಪರೀಕ್ಷಿಸಿದಾಗ, ಮುಖದ ನೆರಳಿನಲ್ಲಿ ಪದರದ ಮೇಲೆ ಪದರ ಬಳಿದದ್ದು ಕಂಡಿತು. ಎಲ್ಲ ಸೇರಿದರೂ 30-40 ಮೈಕ್ರಾನ್, ಒಂದು ತಲೆಗೂದಲಿನ ದಪ್ಪವೂ ಇಲ್ಲ. ಹೀಗೆ ಬರೆಯುವವನು ಗಿರಾಕಿಯ ಗಡುವನ್ನು ನೋಡುತ್ತಾನೆಯೇ? ಮುಂದೆ ರೋಮ್‌ನಲ್ಲಿ ಅವನಿಗೆ ಆಶ್ರಯ ಕೊಟ್ಟವನು ಜೂಲಿಯಾನೊ. ಅರ್ಧದಲ್ಲಿದ್ದ ಚಿತ್ರವನ್ನು ಮುಂದುವರಿಸು ಎಂದು ಅವನೇ ಹೇಳಿರಬಹುದು. ಇದು ಊಹೆ.

ರಘು ಚಿಕ್ಕಪ್ಪ: ಊಹೆ ಎಂದೆಯಲ್ಲ, ಅದನ್ನೇ ನಾನು ಕೇಳಿದ್ದು. ಬಿಯಾತಿಸ್ ಬೇರೆ ಯಾವುದೋ ಚಿತ್ರವನ್ನು ಕಂಡಿರಲೂಬಹುದು.

ಸುಮಾ ಅತ್ತೆ: ಪಾಪ ಫ್ರಾಂಚೆಸ್ಕೊ. ನಮ್ಮ ಮದುವೆ ಆಲ್ಬಮ್ ಕೊಡದೆ ಸತಾಯಿಸಿದ ಫೋಟೊಗ್ರಾಫರನೇ ವಾಸಿ.

ಶ್ರೀಧರ ದೊಡ್ಡಪ್ಪ: ಕಣ್ಣಿನ ಅಕ್ಷರಗಳ ಬಗ್ಗೆ ಯಾರೂ ಉಸಿರೆತ್ತಲಿಲ್ಲ.

ಚೈತ್ರಾ: ಅವು ಅಕ್ಷರಗಳಲ್ಲ ದೊಡ್ಡಪ್ಪ. 500 ವರ್ಷದ ಬಣ್ಣದ ಬಿರುಕುಗಳು. ಅಷ್ಟು ಹಿಗ್ಗಿಸಿ ನೋಡಿದರೆ ನಿಮ್ಮ ಹೆಸರಿನ ‘ಶ್ರೀ’ ಕೂಡ ಸಿಕ್ಕೀತು.

ಶ್ರೀಧರ ದೊಡ್ಡಪ್ಪ: ಯಾವ ಕಣ್ಣಿನಲ್ಲಿ?