ಸಾವಿರಾರು ಬೀದಿಚಿತ್ರಗಳಿಂದ ಐವತ್ತನ್ನು ಆರಿಸುವುದು ಹೇಗೆ?

ಪ್ರಶ್ನೆ – ಪೇಟೆಬೀದಿ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆ, ಅವೆನ್ಯೂ ರಸ್ತೆ, ಚಿಕ್ಕಪೇಟೆ, ಕಲಾಸಿಪಾಳ್ಯದ ಸುತ್ತಮುತ್ತ ಕೆಲವು ವರ್ಷಗಳಿಂದ ಬಿಡುವಾದಾಗಲೆಲ್ಲ ಛಾಯಾಚಿತ್ರ ತೆಗೆಯುತ್ತಿದ್ದೇನೆ. ನಸುಕಿನ ಹೂವಿನ ಮಂಡಿ, ಮೂಟೆ ಹೊರುವವರು, ಮಧ್ಯಾಹ್ನದ ಹೊತ್ತು ತಳ್ಳುಗಾಡಿಯ ನೆರಳಿನಲ್ಲಿ ಮಲಗಿದವರು, ಮಳೆ ಬಂತೆಂದು ಪ್ಲಾಸ್ಟಿಕ್ ಹಾಳೆ ಹೊದಿಸಲು ಓಡುವ ಹಳೆಯ ಪುಸ್ತಕದ ವ್ಯಾಪಾರಿಗಳು, ಎಲ್ಲವೂ ಹಾರ್ಡ್ ಡಿಸ್ಕಿನಲ್ಲಿ ಸಾವಿರಗಟ್ಟಲೆ ಸೇರಿಕೊಂಡಿವೆ. ಇವುಗಳಲ್ಲಿ ಐವತ್ತನ್ನು ಆರಿಸಿ ಒಂದು ಪುಟ್ಟ ಪುಸ್ತಕವಾಗಿ ಜೋಡಿಸೋಣವೆಂದು ಕುಳಿತರೆ ಕೆಲಸ ಮುಂದಕ್ಕೆ ಸಾಗುತ್ತಿಲ್ಲ. ಬಿಡಿಬಿಡಿಯಾಗಿ ನೋಡಿದಾಗ ಚೆನ್ನಾಗಿದೆ ಎನಿಸುವ ಚಿತ್ರಗಳನ್ನೇ ಒಟ್ಟಿಗಿಟ್ಟು ನೋಡಿದರೆ ಗೋಡೆಗೆ ನೇತುಹಾಕುವ ಕ್ಯಾಲೆಂಡರಿನಂತೆ ಕಾಣುತ್ತವೆ. ಹನ್ನೆರಡು ಸುಂದರ ಹಾಳೆಗಳು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ನಾನು ತಿಳಿಯಬಯಸುವುದು ಇಷ್ಟು: ಹೆಸರಾಂತ ಬೀದಿ ಛಾಯಾಗ್ರಾಹಕರೂ ಡಾಕ್ಯುಮೆಂಟರಿ ಛಾಯಾಗ್ರಾಹಕರೂ ತಾವು ತೆಗೆದ ರಾಶಿಯಿಂದ ಚಿತ್ರಗಳನ್ನು ಹೇಗೆ ಆರಿಸುತ್ತಿದ್ದರು? ಶಟರ್ ಒತ್ತುವ ಗಳಿಗೆಯ ಬಗ್ಗೆ ಓದಲು ಬೇಕಾದಷ್ಟಿದೆ. ಒತ್ತಿದ ಮೇಲಿನ ಕೆಲಸದ ಬಗ್ಗೆ ಕನ್ನಡದಲ್ಲಿ ನನ್ನ ಕಣ್ಣಿಗೆ ಏನೂ ಬಿದ್ದಿಲ್ಲ. ಸಾಫ್ಟ್‌ವೇರಿನಲ್ಲಿ ಒಂದರಿಂದ ಐದರವರೆಗೆ ನಕ್ಷತ್ರ ಕೊಡುವುದು ಗೊತ್ತಿದೆ, ದಯವಿಟ್ಟು ಅದನ್ನು ಹೇಳಬೇಡಿ.

ಉತ್ತರ – ಕತ್ತಲಕೋಣೆ

ನಿಮ್ಮ ಪ್ರಶ್ನೆಗೆ ಒಂದೇ ಪುಸ್ತಕವನ್ನು ಮುಂದಿಟ್ಟು ಉತ್ತರಿಸಬೇಕೆಂದರೆ ನಾನು ರಾಬರ್ಟ್ ಫ್ರಾಂಕ್ ಅವರ ‘ದಿ ಅಮೆರಿಕನ್ಸ್’ ಅನ್ನು ಇಡುತ್ತೇನೆ. 1924ರಲ್ಲಿ ಜ್ಯೂರಿಕ್‌ನಲ್ಲಿ ಹುಟ್ಟಿ 1947ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಫ್ರಾಂಕ್, 1955ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಎಂಬ ಧನಸಹಾಯ ದೊರೆತ ಮೇಲೆ ಲೈಕಾ ಕ್ಯಾಮೆರಾ ಹಿಡಿದು ಕಾರಿನಲ್ಲಿ ಆ ದೇಶವನ್ನು ಉದ್ದಗಲಕ್ಕೂ ಸುತ್ತಿದರು. ಸುತ್ತಾಟ ಮುಗಿದಾಗ ಅವರ ಬಳಿ 767 ರೋಲು ಫಿಲ್ಮ್, ಅಂದರೆ ಸುಮಾರು 27,000 ಫ್ರೇಮುಗಳಿದ್ದವು. ಪುಸ್ತಕಕ್ಕೆ ಬಂದವು 83 ಮಾತ್ರ. ಲೆಕ್ಕ ಹಾಕಿದರೆ ಸರಿಸುಮಾರು ಮುನ್ನೂರ ಇಪ್ಪತ್ತೈದಕ್ಕೆ ಒಂದು.

ಆ ಜರಡಿ ಒಂದೇ ಸಲಕ್ಕೆ ಆದದ್ದಲ್ಲ. ಮೊದಲು ಕಾಂಟ್ಯಾಕ್ಟ್ ಶೀಟುಗಳ (ಒಂದು ರೋಲಿನ ಫ್ರೇಮುಗಳೆಲ್ಲ ಚಿಕ್ಕದಾಗಿ ಅಚ್ಚಾದ ಹಾಳೆಗಳ) ಮೇಲೆ ಬಣ್ಣದ ಪೆನ್ಸಿಲಿನಿಂದ ಗುರುತು ಹಾಕಿಕೊಂಡರು. ಗುರುತು ಹಾಕಿದವುಗಳಿಂದ ಸುಮಾರು ಒಂದು ಸಾವಿರ ಒರಟು ಪ್ರಿಂಟುಗಳನ್ನು ಮಾಡಿಕೊಂಡರು. ಅವನ್ನು ನ್ಯೂಯಾರ್ಕಿನ ತಮ್ಮ ಮನೆಯ ಗೋಡೆಗಳಿಗೆ ಸಿಕ್ಕಿಸಿ, ನೆಲದ ಮೇಲೆ ಹರಡಿ, ವರ್ಣಭೇದ, ಧರ್ಮ, ರಾಜಕೀಯ, ಕಾರು ಹೀಗೆ ವಿಷಯವಾರು ಗುಂಪು ಮಾಡುತ್ತಾ ತಿಂಗಳುಗಟ್ಟಲೆ ಅವುಗಳ ನಡುವೆ ಬದುಕಿದರು. ಇಲ್ಲಿ ಗಮನಿಸಬೇಕಾದದ್ದು ಪ್ರಿಂಟುಗಳು ಒರಟಾಗಿದ್ದವು ಎಂಬುದು. ಚಿತ್ರ ಇನ್ನೂ ಅಂದವಾಗಿರದ ಹಂತದಲ್ಲಿ ಆಯ್ಕೆ ನಡೆದರೆ ಕಣ್ಣು ಅಂದಕ್ಕೆ ಸೋಲುವುದಿಲ್ಲ. ಇಂದು ನಾವು ಬಣ್ಣ, ನೆರಳು ಎಲ್ಲವನ್ನೂ ತಿದ್ದಿದ ಮೇಲೆ ಆರಿಸಲು ಕೂರುತ್ತೇವೆ. ಅಷ್ಟು ಹೊತ್ತಿಗೆ ಪ್ರತಿಯೊಂದು ಚಿತ್ರದ ಮೇಲೂ ಮಮಕಾರ ಬೆಳೆದಿರುತ್ತದೆ.

ಇನ್ನು ಜೋಡಣೆ. ಪುಸ್ತಕದ ನಡುವೆ ಒಂದು ಚಿತ್ರವಿದೆ: ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಎರಡು ತಾಳೆಮರಗಳ ನಡುವೆ ಹೊದಿಕೆ ಹೊದಿಸಿ ನಿಲ್ಲಿಸಿದ ಕಾರು. ಪುಟ ತಿರುವಿದರೆ ಅರಿಜೋನಾದ ಹೆದ್ದಾರಿ 66ರ ಬದಿಯಲ್ಲಿ, ಅಪಘಾತದಲ್ಲಿ ಸತ್ತವರ ಮೇಲೆ ಕಂಬಳಿ ಹೊದಿಸಲಾಗಿದೆ, ಹಿಂದೆ ನಾಲ್ಕು ಜನ ಚಳಿಯಲ್ಲಿ ನಿಂತಿದ್ದಾರೆ. ಮತ್ತೆ ಪುಟ ತಿರುವಿದರೆ ನ್ಯೂ ಮೆಕ್ಸಿಕೊದ ಹೆದ್ದಾರಿ 285, ಮಬ್ಬುಗತ್ತಲಲ್ಲಿ ನೇರವಾಗಿ ಚಾಚಿದ ರಸ್ತೆ, ದೂರದಲ್ಲಿ ಎದುರಿಗೆ ಬರುತ್ತಿರುವ ಒಂದೇ ಕಾರು. ಮೊದಲನೆಯ ಚಿತ್ರ ಒಂಟಿಯಾಗಿದ್ದಿದ್ದರೆ ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ. ಎರಡನೆಯದು ಪತ್ರಿಕೆಯ ಸುದ್ದಿಚಿತ್ರವಾಗುತ್ತಿತ್ತು. ಮೂರೂ ಸಾಲಾಗಿ ಬಂದಾಗ ಮೊದಲನೆಯ ಹೊದಿಕೆಯ ಅರ್ಥ ಹಿಂದಕ್ಕೆ ಹೋಗಿ ಬದಲಾಗುತ್ತದೆ, ಮತ್ತು ಆ ಖಾಲಿ ರಸ್ತೆಯನ್ನು ನಾವು ಮೊದಲಿನ ನಿರಾಳದಿಂದ ನೋಡಲಾರೆವು. ಇದಲ್ಲದೆ ಪುಸ್ತಕದ ಉದ್ದಕ್ಕೂ ಅಮೆರಿಕದ ಧ್ವಜ ಮತ್ತೆ ಮತ್ತೆ ಬಂದು ಒಂದೊಂದು ಭಾಗವನ್ನು ತೆರೆಯುತ್ತದೆ. ಮೊದಲ ಚಿತ್ರದಲ್ಲೇ, ನ್ಯೂಜೆರ್ಸಿಯ ಹೊಬೊಕೆನ್‌ನಲ್ಲಿ, ಕಿಟಕಿಯಲ್ಲಿ ನಿಂತ ಹೆಂಗಸಿನ ಮುಖವನ್ನು ಅದೇ ಧ್ವಜ ಮುಚ್ಚಿಬಿಟ್ಟಿದೆ.

ಪುಟದ ಮೇಲೆ ಚಿತ್ರ ಹೇಗೆ ಕೂರುತ್ತದೆ ಎಂಬುದೂ ಆಯ್ಕೆಯೇ. 1958ರಲ್ಲಿ ಪ್ಯಾರಿಸ್‌ನ ರಾಬರ್ಟ್ ಡೆಲ್ಪೀರ್ ಇದನ್ನು ಪ್ರಕಟಿಸಿದಾಗ ಎಡಪುಟಗಳಲ್ಲಿ ಅಮೆರಿಕದ ಬಗ್ಗೆ ಬೇರೆಬೇರೆಯವರು ಬರೆದ ಮಾತುಗಳಿದ್ದವು; 1959ರ ನ್ಯೂಯಾರ್ಕ್ ಆವೃತ್ತಿಯಲ್ಲಿ ಅವೆಲ್ಲ ಹೋಗಿ ಬಿಳಿಯ ಪುಟದಲ್ಲಿ ಸ್ಥಳದ ಹೆಸರಷ್ಟೇ ಉಳಿಯಿತು. ಮೊದಲನೆಯದು ದೇಶವನ್ನು ವಿವರಿಸುವ ಪುಸ್ತಕವಾಗಿತ್ತು, ಎರಡನೆಯದು ಛಾಯಾಗ್ರಾಹಕನ ಪುಸ್ತಕವಾಯಿತು.

ನಿಮ್ಮ ತೊಂದರೆ, ನನ್ನ ಅಂದಾಜಿನಲ್ಲಿ, ತನ್ನಷ್ಟಕ್ಕೆ ತಾನೇ ಪೂರ್ಣವಾದ ಚಿತ್ರಗಳನ್ನೇ ನೀವು ಆರಿಸುತ್ತಿರುವುದು. ಪೂರ್ಣವಾದ ಚಿತ್ರಕ್ಕೆ ನೆರೆಹೊರೆಯ ಹಂಗಿಲ್ಲ. ಮಾರುಕಟ್ಟೆಯಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಯಾವುದಾದರೂ ಒಂದನ್ನು, ತಕ್ಕಡಿಯನ್ನೋ ಗೋಣಿಚೀಲವನ್ನೋ ನೀಲಿ ಟಾರ್ಪಾಲನ್ನೋ, ಹಿಡಿದುಕೊಂಡು ಹಿಂದೆ ತಳ್ಳಿಹಾಕಿದ ಚಿತ್ರಗಳನ್ನೆಲ್ಲ ಇನ್ನೊಮ್ಮೆ ನೋಡಿ.

ಉತ್ತರ – ಕರಿಚುಕ್ಕೆ

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಆದರೆ ಫ್ರಾಂಕ್ ಅವರಿಗೆ ತಮ್ಮ ಚಿತ್ರಗಳನ್ನು ತಾವೇ ಆರಿಸುವ ಭಾಗ್ಯವಿತ್ತು. ಅವರಿಗಿಂತ ಹಿಂದಿನ ತಲೆಮಾರಿನ ಹಲವರಿಗೆ ಅದಿರಲಿಲ್ಲ, ಮತ್ತು ಆ ಕಥೆ ಆಯ್ಕೆಯ ಇನ್ನೊಂದು ಮುಖವನ್ನು ತೋರಿಸುತ್ತದೆ.

ಅಮೆರಿಕದ ಆರ್ಥಿಕ ಕುಸಿತದ ಕಾಲದಲ್ಲಿ ಹಳ್ಳಿಗಾಡಿನ ಬವಣೆಯನ್ನು ದಾಖಲಿಸಲು ಅಲ್ಲಿನ ಸರ್ಕಾರ 1935ರಿಂದ ಛಾಯಾಗ್ರಾಹಕರನ್ನು ನೇಮಿಸಿಕೊಂಡಿತು. ಮುಂದೆ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಎಂದು ಹೆಸರಾದ ಆ ಯೋಜನೆಯಲ್ಲಿ ವಾಕರ್ ಇವಾನ್ಸ್, ಡೊರೊಥಿಯಾ ಲ್ಯಾಂಗ್, ಬೆನ್ ಶಾನ್, ಆರ್ಥರ್ ರಾತ್‌ಸ್ಟೀನ್ ಮೊದಲಾದವರಿದ್ದರು. ಮುಖ್ಯಸ್ಥರು ರಾಯ್ ಸ್ಟ್ರೈಕರ್. ಫಿಲ್ಮು ವಾಷಿಂಗ್ಟನ್ನಿಗೆ ಹೋಗುತ್ತಿತ್ತು, ಬೇಡವೆನಿಸಿದ ನೆಗೆಟಿವ್‌ಗಳಿಗೆ ಸ್ಟ್ರೈಕರ್ ಕಚೇರಿಯವರು ಕಾಗದಕ್ಕೆ ತೂತು ಹೊಡೆಯುವ ಯಂತ್ರದಿಂದಲೇ ತೂತು ಹೊಡೆದುಬಿಡುತ್ತಿದ್ದರು. ಛಾಯಾಗ್ರಾಹಕರು ಗಟ್ಟಿಯಾಗಿ ಪ್ರತಿಭಟಿಸಿದ ಮೇಲೆ 1930ರ ದಶಕದ ಕೊನೆಯ ಹೊತ್ತಿಗೆ ಈ ಪದ್ಧತಿ ನಿಂತಿತು. ತೂತು ಬಿದ್ದ ನೆಗೆಟಿವ್‌ಗಳು ಇಂದಿಗೂ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ತೂತಿನ ಮೂಲಕ ಬೆಳಕು ತಡೆಯಿಲ್ಲದೆ ಹಾಯುವುದರಿಂದ ಪ್ರಿಂಟಿನಲ್ಲಿ ಅದು ಕಪ್ಪು ವೃತ್ತವಾಗಿ, ಯಾರದೋ ಮುಖದ ಮೇಲೆ, ಯಾವುದೋ ಹೊಲದ ಮೇಲಿನ ಆಕಾಶದಲ್ಲಿ ಕೂತಿರುತ್ತದೆ. ತಿರಸ್ಕಾರಕ್ಕೆ ಇಷ್ಟು ಸ್ಪಷ್ಟವಾದ ರೂಪವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದೇ ಯೋಜನೆಯಲ್ಲಿ 1936ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಬಳಿಯ ಬಟಾಣಿ ಕೂಲಿಗಳ ಬಿಡಾರದಲ್ಲಿ ಲ್ಯಾಂಗ್ ತೆಗೆದದ್ದು ‘ವಲಸೆ ತಾಯಿ’ ಎಂದು ನಾವೆಲ್ಲ ಬಲ್ಲ ಚಿತ್ರ. ಅವರು ಅಲ್ಲಿ ಒಂದೇ ಚಿತ್ರ ತೆಗೆಯಲಿಲ್ಲ. ದೂರದ ಫ್ರೇಮಿನಲ್ಲಿ ಇಡೀ ಗುಡಾರ, ಸಾಮಾನು, ಹದಿಹರೆಯದ ಮಗಳು ಎಲ್ಲವೂ ಇವೆ. ಲ್ಯಾಂಗ್ ಹತ್ತಿರ ಹೋಗುತ್ತಾ ಹೋದಂತೆ ಒಂದೊಂದೇ ಹೊರಗೆ ಹೋಗುತ್ತವೆ. ಕೊನೆಯ ಫ್ರೇಮಿನಲ್ಲಿ ಗುಡಾರವಿಲ್ಲ, ದೊಡ್ಡ ಮಗಳಿಲ್ಲ, ಇಬ್ಬರು ಮಕ್ಕಳು ಮುಖ ತಿರುಗಿಸಿ ತಾಯಿಯ ಹೆಗಲಿಗೆ ಒರಗಿದ್ದಾರೆ, ಮಡಿಲಲ್ಲಿ ಕೂಸು. ಜಗತ್ತಿಗೆ ಉಳಿದದ್ದು ಅದೊಂದೇ. ಕೆಲವು ವರ್ಷಗಳ ನಂತರ ಅಂಚಿನಲ್ಲಿ ಕಾಣುತ್ತಿದ್ದ ಒಂದು ಹೆಬ್ಬೆರಳನ್ನೂ ನೆಗೆಟಿವ್‌ನಿಂದ ತಿದ್ದಿ ಮರೆಮಾಡಿಸಲಾಯಿತು. ಆ ತಾಯಿ, ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಯಾರೆಂದು ಜನಕ್ಕೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಏನೂ ದಕ್ಕಲಿಲ್ಲ ಎಂಬ ಬೇಸರ ಅವರಿಗಿತ್ತು. ಲ್ಯಾಂಗ್ ಅವರ ಆಯ್ಕೆ ಕಲೆಯ ದೃಷ್ಟಿಯಿಂದ ಸರಿಯಾದದ್ದೇ. ಆದರೆ ಒಬ್ಬ ಹೆಂಗಸಿನ ಇಡೀ ಬಾಳು ಒಂದು ಕಳವಳದ ಮುಖವಾಗಿ ನಿಂತುಹೋದದ್ದೂ ಆ ಆಯ್ಕೆಯಿಂದಲೇ.

ಆದ್ದರಿಂದ ಮೂಟೆ ಹೊರುವವರ ಚಿತ್ರಗಳನ್ನು ಆರಿಸುವಾಗ ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಬಾಗಿದ ಬೆನ್ನು, ಬೆವರು, ಪಕ್ಕದಿಂದ ಬಿದ್ದ ಬೆಳಕು ಇರುವ ಫ್ರೇಮು ತಾನಾಗಿಯೇ ಆಯ್ಕೆಯಾಗುತ್ತದೆ. ಅದೇ ವ್ಯಕ್ತಿ ಎರಡು ನಿಮಿಷದ ನಂತರ ಚಹಾ ಕುಡಿಯುತ್ತಾ ಜತೆಗಾರನನ್ನು ರೇಗಿಸುತ್ತಿರುವ ಫ್ರೇಮು ನಿಮ್ಮಲ್ಲಿ ಇದೆಯೇ? ಇದ್ದರೆ ಅದು ಯಾಕೆ ಹೊರಗೆ ಹೋಯಿತು?

ಆಯ್ಕೆಯಾದದ್ದನ್ನು ಹಿಂದಕ್ಕೆ ಪಡೆದ ಉದಾಹರಣೆಯೂ ಇದೆ. ಜಪಾನಿನ ಮಿನಮಾತಾದಲ್ಲಿ ಕಾರ್ಖಾನೆಯ ಪಾದರಸದ ವಿಷಕ್ಕೆ ಸಿಕ್ಕಿ ಹುಟ್ಟುತ್ತಲೇ ಅಂಗವಿಕಲಳಾದ ಹುಡುಗಿಯೊಬ್ಬಳಿಗೆ ತಾಯಿ ಸ್ನಾನ ಮಾಡಿಸುತ್ತಿರುವ ಚಿತ್ರವನ್ನು ಅಮೆರಿಕದ ಛಾಯಾಗ್ರಾಹಕ ಯೂಜೀನ್ ಸ್ಮಿತ್ 1971ರಲ್ಲಿ ತೆಗೆದರು. ಮರುವರ್ಷ ‘ಲೈಫ್’ ಪತ್ರಿಕೆಯಲ್ಲಿ ಬಂದು ಅದು ಲೋಕವನ್ನೇ ಅಲುಗಿಸಿತು. ಹುಡುಗಿ 1977ರಲ್ಲಿ ತೀರಿಕೊಂಡಳು. ಮಗಳು ಇನ್ನಾದರೂ ವಿಶ್ರಮಿಸಲಿ ಎಂಬ ತಂದೆತಾಯಿಯ ಬಯಕೆಯನ್ನು ಮನ್ನಿಸಿ, ಸ್ಮಿತ್ ಅವರ ಜತೆಗೆ ದುಡಿದಿದ್ದ ಐಲೀನ್ ಸ್ಮಿತ್ 1990ರ ದಶಕದ ಕೊನೆಯಲ್ಲಿ ಆ ಚಿತ್ರದ ಬಳಕೆಯ ನಿರ್ಧಾರವನ್ನು ಆ ತಂದೆತಾಯಿಗೇ ಬಿಟ್ಟುಕೊಟ್ಟರು.

ಉತ್ತರ – ತಡವಾದರೋಲು

ನನ್ನದು ಚಿಕ್ಕ ಮಾತು. ಗ್ಯಾರಿ ವಿನೊಗ್ರ್ಯಾಂಡ್ ನ್ಯೂಯಾರ್ಕಿನ ಬೀದಿಗಳಲ್ಲಿ ತೆಗೆದ ಫಿಲ್ಮನ್ನು ಒಂದೆರಡು ವರ್ಷ ಕೈಬಿಟ್ಟು ಆಮೇಲೆ ತೊಳೆಯುತ್ತಿದ್ದರು. ತೆಗೆದ ಗಳಿಗೆಯ ಸಂತೋಷ ಅಷ್ಟರಲ್ಲಿ ಮರೆತಿರುತ್ತದೆ, ಆಗ ಕಾಗದದ ಮೇಲೆ ಇರುವುದು ಮಾತ್ರ ಕಾಣುತ್ತದೆ ಎಂಬುದು ಅವರ ತರ್ಕ. ಈ ತರ್ಕಕ್ಕೆ ಒಂದು ಅಪಾಯದ ಅಂಚೂ ಇದೆ: 1984ರಲ್ಲಿ ಅವರು ತೀರಿಕೊಂಡಾಗ ಸುಮಾರು 2,500 ರೋಲು ತೊಳೆಯದೆಯೇ ಉಳಿದಿದ್ದವು, ತೊಳೆದರೂ ಅವರು ಸರಿಯಾಗಿ ನೋಡಿರದ ರೋಲುಗಳು ಇನ್ನೂ ಸಾವಿರಾರು. ಅವರ ಕೊನೆಯ ವರ್ಷಗಳ ಕೆಲಸ ಯಾವುದು ಎಂಬುದನ್ನು ವಸ್ತುಸಂಗ್ರಹಾಲಯದವರು ಆರಿಸಿ ಹೇಳಬೇಕಾಯಿತು. ಷಿಕಾಗೋದ ವಿವಿಯನ್ ಮಾಯರ್ ಅವರದ್ದು ಇನ್ನೂ ಮುಂದಿನ ಕಥೆ. ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾ ಲಕ್ಷಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಬಿಟ್ಟುಹೋದ ಅವರ ವಿಷಯದಲ್ಲಿ ನಾವು ಮೆಚ್ಚುವ ‘ದೃಷ್ಟಿ’ ಎಷ್ಟು ಅವರದು, ಎಷ್ಟು ಆ ನೆಗೆಟಿವ್‌ಗಳ ಪೆಟ್ಟಿಗೆಗಳನ್ನು ಹರಾಜಿನಲ್ಲಿ ಕೊಂಡು ಆರಿಸಿದವರದು ಎಂದು ನನಗೆ ಸದಾ ಅನುಮಾನ. ನೀವು ಬದುಕಿರುವಾಗಲೇ ಆರಿಸಲು ಕುಳಿತಿದ್ದೀರಿ, ಒಳ್ಳೆಯದು.

ಪೇಟೆಬೀದಿ

ಎಲ್ಲರಿಗೂ ಧನ್ಯವಾದಗಳು. ‘ಕರಿಚುಕ್ಕೆ’ಯವರು ಕೇಳಿದ ಚಹಾದ ಫ್ರೇಮು ನನ್ನಲ್ಲಿ ಇದೆ, ಒಂದಲ್ಲ ಹಲವು. ಬೆಳಕು ಚೆನ್ನಾಗಿಲ್ಲ, ಹಿಂದೆ ಆಟೋ ಒಂದು ಅಡ್ಡ ಬಂದಿದೆ. ಇಂಥವನ್ನು ಕ್ರಾಪ್ ಮಾಡಿ, ಅಂದರೆ ಅಂಚು ಕತ್ತರಿಸಿ, ಉಳಿಸಿಕೊಳ್ಳಬಹುದೇ, ಅಥವಾ ಅದು ಈ ಪ್ರಕಾರಕ್ಕೆ ಸಲ್ಲದ ನಡೆಯೇ?

ಉತ್ತರ – ಕತ್ತಲಕೋಣೆ

ಕ್ರಾಪ್ ಮಾಡಬಾರದೆಂಬ ನೇಮಕ್ಕೆ ದೊಡ್ಡ ಹೆಸರು ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾನ್ ಅವರದು. ತಮ್ಮ ಚಿತ್ರವನ್ನು ಇಡೀ ಫ್ರೇಮಿನಲ್ಲೇ ಅಚ್ಚು ಹಾಕಬೇಕೆಂದು ಅವರು ಪಟ್ಟುಹಿಡಿಯುತ್ತಿದ್ದರು. ಆದರೂ ಅವರ ಅತ್ಯಂತ ಪ್ರಸಿದ್ಧ ಚಿತ್ರ, 1932ರಲ್ಲಿ ಪ್ಯಾರಿಸ್‌ನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ನೀರಿನ ಮೇಲೆ ಜಿಗಿಯುತ್ತಿರುವ ಮನುಷ್ಯನ ಚಿತ್ರ, ಕ್ರಾಪ್ ಆದದ್ದೇ. ಹಲಗೆಯ ಬೇಲಿಯ ಸಂದಿನಿಂದ ತೆಗೆದದ್ದರಿಂದ ಎಡಭಾಗದಲ್ಲಿ ಹಲಗೆ ಅಡ್ಡ ಬಂದಿತ್ತು, ಅದನ್ನು ಕತ್ತರಿಸಬೇಕಾಯಿತು. ನೇಮಕ್ಕಾಗಿ ಅವರು ಆ ಚಿತ್ರವನ್ನು ಬಿಡಲಿಲ್ಲ. ಆದರೆ ನಿಮ್ಮ ಆಟೋವನ್ನು ಕತ್ತರಿಸುವ ಮೊದಲು ಯೋಚಿಸಿ. ಕಲಾಸಿಪಾಳ್ಯದಲ್ಲಿ ಆಟೋ ಅಡ್ಡ ಬಾರದ ಚಿತ್ರವನ್ನು ನಾನಂತೂ ನಂಬುವುದಿಲ್ಲ.

ಬೆಳಕು ಚೆನ್ನಾಗಿಲ್ಲ ಎಂಬುದಕ್ಕೆ ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ನೋಡಿ. ಯುನಿಸೆಫ್‌ಗೆ, ವಿಶ್ವ ಆರೋಗ್ಯ ಸಂಸ್ಥೆಗೆ ದುಡಿದವರು; ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಸಾಮಾನ್ಯರ ನಿತ್ಯದ ಬದುಕೇ ಅವರ ವಸ್ತು, ಬೆಳಕಿನ ಚಮತ್ಕಾರಕ್ಕೆ ಅವರು ಅಷ್ಟಾಗಿ ಕಾಯುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಅವರ ಚಿತ್ರಗಳಲ್ಲಿರುವ ಜನ ದುಃಖದಲ್ಲಿದ್ದರೂ ಬರೀ ದುಃಖವಾಗಿ ಕಾಣುವುದಿಲ್ಲ.

ಇನ್ನು ಮಾಡಬೇಕಾದ ಕೆಲಸ. ಯಾವುದನ್ನೂ ತಿದ್ದದೆ ಮುನ್ನೂರು ಚಿತ್ರಗಳನ್ನು ಹತ್ತಿರದ ಸ್ಟುಡಿಯೋದಲ್ಲಿ ಪೋಸ್ಟ್‌ಕಾರ್ಡ್ ಗಾತ್ರಕ್ಕೆ ಅಗ್ಗದ ಪ್ರಿಂಟು ಹಾಕಿಸಿ ನೆಲದ ಮೇಲೆ ಹರಡಿ. ಪರದೆಯ ಮೇಲೆ ಒಂದಾದ ಮೇಲೊಂದು ನೋಡುವಾಗ ಕಾಣದ ನಂಟುಗಳು ನೆಲದ ಮೇಲೆ ಪಕ್ಕಪಕ್ಕದಲ್ಲಿ ಬಿದ್ದಾಗ ಕಾಣುತ್ತವೆ. ಪ್ರತಿ ಚಿತ್ರದ ಹಿಂದೆ ತಾರೀಖನ್ನೂ, ಅದರ ಹಿಂದಿನ ಮುಂದಿನ ಫ್ರೇಮುಗಳ ಸಂಖ್ಯೆಯನ್ನೂ ಬರೆದಿಟ್ಟುಕೊಂಡರೆ ಬೇಕಾದಾಗ ಹಿಂದಕ್ಕೆ ಹೋಗಬಹುದು. ಮೊದಲ ಸುತ್ತಿನಲ್ಲಿ ಐವತ್ತನ್ನು ಆರಿಸಲು ಹೋಗಬೇಡಿ, ಎರಡೆರಡು ಚಿತ್ರಗಳ ಜೋಡಿಯನ್ನಷ್ಟೇ ಹುಡುಕಿ. ಹಾಗೆಯೇ, ಹೂವಿನ ಮಂಡಿಯನ್ನು ಮಹಡಿಯ ಮೇಲಿನಿಂದ ತೆಗೆದ ಚಿತ್ರ ನಿಮ್ಮ ಬಳಿಯೂ ಇದ್ದೇ ಇರುತ್ತದೆ. ಬೆಂಗಳೂರಿನಲ್ಲಿ ಕ್ಯಾಮೆರಾ ಕೊಂಡ ಪ್ರತಿಯೊಬ್ಬರ ಬಳಿಯೂ ಅದು ಇದೆ, ನನ್ನ ಬಳಿಯೂ ಇದೆ. ಅದನ್ನು ಮೊದಲು ಹೊರಗಿಟ್ಟು ಕೆಲಸ ಶುರುಮಾಡಿ.