ಅಮ್ಮನಿಗೆ ಉಬ್ಬಸ, ಪಕ್ಕದ ಬಾಲ್ಕನಿಯಲ್ಲಿ ಸಿಗರೇಟು: ಈ ಸಲ ಕ್ರೂಸ್‌ನಲ್ಲಿ ಯಾವ ಕ್ಯಾಬಿನ್ ತಗೊಳ್ಳಲಿ?

ಕಡಲಹಕ್ಕಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ಎರಡು ವರ್ಷದ ಹಿಂದೆ ಅಮ್ಮನನ್ನು ಏಳು ರಾತ್ರಿಯ ಕ್ರೂಸ್‌ಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ ತುಂಬಾ ವರ್ಷದಿಂದ ಉಬ್ಬಸ. ಸಮುದ್ರದ ಗಾಳಿಯಲ್ಲಿ ಹಾಯಾಗಿ ಕೂತಿರಲಿ ಅಂತಲೇ ಬಾಲ್ಕನಿ ಇರುವ ಕ್ಯಾಬಿನ್ ಹಿಡಿದಿದ್ದೆ. ಬಾಲ್ಕನಿಯಲ್ಲಿ ಸಿಗರೇಟು ಸೇದುವಂತಿಲ್ಲ ಅಂತ ನಿಯಮ ಇತ್ತು, ನಾನೇ ಓದಿದ್ದೆ. ಮೊದಲ ಸಂಜೆ ಅಮ್ಮ ಶಾಲು ಹೊದ್ದು ಹೊರಗೆ ಕೂತಳು. ಹತ್ತು ನಿಮಿಷವೂ ಆಗಿರಲಿಲ್ಲ, ಪಕ್ಕದ ಬಾಲ್ಕನಿಯಿಂದ ಹೊಗೆ ಬಂತು. ನಡುವಿನ ತಡೆಗೋಡೆಯ ಕೆಳಗೆ ಒಂದು ಗೇಣು ಸಂದಿ. ಅಲ್ಲಿಂದ ಬೂದಿಯೂ ಹಾರಿ ಬಂದು ಶಾಲಿನ ಮೇಲೆ ಬಿತ್ತು. ಆ ರಾತ್ರಿ ಅಮ್ಮ ದಿಂಬಿಗೆ ಒರಗಿ ಕೂತೇ ಇದ್ದಳು, ಕೈಯಲ್ಲಿ ಇನ್ಹೇಲರ್.

ಕೌಂಟರ್‌ಗೆ ಫೋನ್ ಮಾಡಿದೆ. ಒಬ್ಬರು ಬಂದು ಪಕ್ಕದವರ ಬಾಗಿಲು ತಟ್ಟಿದರು. ಅಷ್ಟರಲ್ಲಿ ಅವರು ಆರಿಸಿಬಿಟ್ಟಿದ್ದರು. ಮಾರನೇ ದಿನವೂ ಅದೇ ಕಥೆ. "ಜಗಳ ಬೇಡ, ಬಾಗಿಲು ಹಾಕಿಬಿಡು" ಅಂದಳು ಅಮ್ಮ. ಉಳಿದ ಐದು ದಿನ ಗಾಜಿನ ಬಾಗಿಲ ಬುಡಕ್ಕೆ ಟವೆಲ್ ಒತ್ತಿಟ್ಟು, ಒಳಗಿನಿಂದಲೇ ಸಮುದ್ರ ನೋಡಿದಳು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಮತ್ತೆ ಹೋಗೋಣ ಅಂತ ಅಮ್ಮನೇ ಕೇಳುತ್ತಿದ್ದಾಳೆ. ನಿಯಮ ಇದ್ದರೂ ಹೀಗಾದರೆ ಏನು ಮಾಡುವುದು? ಬಾಲ್ಕನಿಯೇ ಬೇಡವಾ? ಗೊತ್ತಿರುವವರು ಹೇಳಿ.

ಹಳೇ ಸ್ಟುವರ್ಡ್:

ಮೇಡಂ, ನಾನು ಹನ್ನೊಂದು ವರ್ಷ ಪ್ರಯಾಣಿಕರ ಹಡಗುಗಳಲ್ಲಿ ಕ್ಯಾಬಿನ್ ಸ್ಟುವರ್ಡ್, ಅಂದರೆ ಕೋಣೆಗಳನ್ನು ಅಚ್ಚುಕಟ್ಟು ಮಾಡುವವನು, ಆಗಿದ್ದೆ. ನಿಮ್ಮ ತಾಯಿಯವರ ವಿಷಯ ಓದಿ ಬೇಜಾರಾಯಿತು. ಬಾಲ್ಕನಿ ಬಿಡಬೇಡಿ. ಜಾಗ ನೋಡಿ ಆರಿಸಿ.

ಮೊದಲು ಗಾಳಿಯ ವಿಷಯ. ಹಡಗು 20 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್ ಓಡುತ್ತಿದ್ದರೆ, ಹೊರಗೆ ಗಾಳಿಯೇ ಇಲ್ಲದಿದ್ದರೂ ಡೆಕ್ ಮೇಲೆ ಮುಂದಿನಿಂದ ಹಿಂದಕ್ಕೆ ಅಷ್ಟೇ ಗಾಳಿ ಬೀಸುತ್ತದೆ. ಹೊಗೆಯೂ ಅದರ ಜೊತೆ ಹಿಂದಕ್ಕೇ ಹೋಗುತ್ತದೆ. ಹಾಗಾಗಿ ಸೇದುವ ಜಾಗಕ್ಕಿಂತ ನಿಮ್ಮ ಕ್ಯಾಬಿನ್ ಮುಂದೆ ಇರಬೇಕು. ಹಡಗಿನ ತೀರಾ ಹಿಂಬದಿಗೆ ಮುಖ ಮಾಡಿದ ಬಾಲ್ಕನಿಗಳು ನೋಡಲು ಚೆಂದ, ಆದರೆ ಅಲ್ಲಿ ಗಾಳಿ ಸುಳಿ ಸುತ್ತುತ್ತದೆ. ಮೇಲಿನ ಡೆಕ್‌ಗಳ ಹೊಗೆ ಕೆಳಗಿಳಿದು ಅಲ್ಲೇ ನಿಲ್ಲುತ್ತದೆ. ಆ ಬಾಲ್ಕನಿಗಳ ಮೇಜು ಒರೆಸಿದರೆ ಬಟ್ಟೆ ಕಪ್ಪಾಗುತ್ತಿತ್ತು. ಹಿಂದಿನಿಂದ ಹಡಗಿನಷ್ಟೇ ವೇಗದ ಗಾಳಿ ಬಂದ ದಿನ ಈ ಲೆಕ್ಕ ತಪ್ಪುತ್ತದೆ. ಆಗ ಡೆಕ್ ಮೇಲೆ ಗಾಳಿ ಆಡುವುದೇ ಇಲ್ಲ, ಹೊಗೆ ಎಲ್ಲಿ ಎದ್ದಿತೋ ಅಲ್ಲೇ ತೂಗುತ್ತಿರುತ್ತದೆ.

ಎರಡನೆಯದು ಕ್ಯಾಸಿನೊ. ಒಳಗೆ ಸೇದಲು ಬಿಡುವ ಜಾಗ ಅಂತ ಉಳಿದಿದ್ದರೆ ಅದು ಹೆಚ್ಚಾಗಿ ಅದೇ. ಅರ್ಧ ಭಾಗ ಸೇದುವವರಿಗೆ, ಅರ್ಧ ಸೇದದವರಿಗೆ ಅಂತ ಬೋರ್ಡ್ ಹಾಕಿರುತ್ತಾರೆ. ಹೊಗೆಗೆ ಬೋರ್ಡ್ ಓದಲು ಬರುತ್ತದಾ? ಫ್ಯಾನ್ ಎಷ್ಟು ಹಾಕಿದರೂ ಪಕ್ಕದವರು ಹೊಗೆ ಕುಡಿಯುವುದು ಪೂರ್ತಿ ತಪ್ಪುವುದಿಲ್ಲ ಅಂತ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ) ವರದಿ 2006ರಲ್ಲೇ ಹೇಳಿದೆ. ಡೆಕ್ ಪ್ಲಾನ್, ಅಂದರೆ ಹಡಗಿನ ಪ್ರತಿ ಅಂತಸ್ತಿನ ನಕ್ಷೆ, ತೆಗೆದು ನೋಡಿ. ಕ್ಯಾಸಿನೊಗೆ ತೆರೆದುಕೊಂಡ ಮೆಟ್ಟಿಲು, ಲಿಫ್ಟ್ ಇರುವ ಕಡೆ ಕ್ಯಾಬಿನ್ ಬೇಡ. ಕ್ಯಾಬಿನ್ ನಂಬರನ್ನು ಕಂಪನಿಯೇ ಆಮೇಲೆ ಕೊಡುವ ಅಗ್ಗದ ಟಿಕೆಟ್ ಇರುತ್ತದಲ್ಲ, ಅದನ್ನಂತೂ ತಗೊಳ್ಳಲೇಬೇಡಿ.

ನಿಯಮ ಸುಮ್ನೆ ಹೆಸರಿಗೆ ಇರುವುದಲ್ಲ. 2006ರ ಮಾರ್ಚ್ 23ರ ಬೆಳಗಿನ ಜಾವ, ಸ್ಟಾರ್ ಪ್ರಿನ್ಸೆಸ್ ಹಡಗು ಜಮೈಕಾ ಕಡೆ ಹೋಗುವಾಗ ಒಂದು ಬಾಲ್ಕನಿಯಲ್ಲಿ ಬೆಂಕಿ ಹತ್ತಿತು. ಆರಿಸದೆ ಎಸೆದ ಸಿಗರೇಟು ತುಂಡೇ ಕಾರಣ ಇರಬೇಕು ಅಂತ ಬ್ರಿಟನ್ನಿನ ತನಿಖಾ ಸಂಸ್ಥೆ ಹೇಳಿತು. ಬಾಲ್ಕನಿಯ ತಡೆಗೋಡೆ, ಕುರ್ಚಿ ಎಲ್ಲ ಪ್ಲಾಸ್ಟಿಕ್. ಒಂದರಿಂದ ಒಂದಕ್ಕೆ ಬೆಂಕಿ ಓಡಿತು. ಹೊಗೆ ಕುಡಿದು ಒಬ್ಬರು ತೀರಿಕೊಂಡರು. ಅದಾದ ಮೇಲೆ ಬಾಲ್ಕನಿಗಳ ಬಗ್ಗೆ ಅಂತರರಾಷ್ಟ್ರೀಯ ನಿಯಮವೇ ಬದಲಾಯಿತು, 2008ರ ಜುಲೈನಿಂದ ಜಾರಿಗೆ ಬಂತು. ರಾಯಲ್ ಕೆರಿಬಿಯನ್, ಕಾರ್ನಿವಲ್ ಎರಡೂ ಕ್ರೂಸ್ ಕಂಪನಿಯವರು 2014ರಲ್ಲಿ ಬಾಲ್ಕನಿಯಲ್ಲಿ ಸೇದುವುದನ್ನು ನಿಲ್ಲಿಸಿದರು. ತಪ್ಪಿದರೆ 250 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ದಂಡ ಹಾಕುವ ಕಂಪನಿಗಳಿವೆ. ಬಾಲ್ಕನಿಯಿಂದ ಸಮುದ್ರಕ್ಕೆ ಎಸೆದ ತುಂಡು ನೀರಿಗೇ ಬೀಳುತ್ತದೆ ಅಂತ ಜನ ತಿಳಿದಿದ್ದಾರೆ. ಗಾಳಿ ಅದನ್ನು ಹಿಂದಿನ ಬಾಲ್ಕನಿಗೆ ತಂದು ಹಾಕುತ್ತದೆ. ಒಣ ಹಾಕಿದ್ದ ಟವೆಲ್‌ನಲ್ಲಿ ಕಡಲೆಕಾಳಿನಷ್ಟು ಸುಟ್ಟ ತೂತು ನಾನೇ ನೋಡಿದ್ದೇನೆ. ಅವತ್ತು ಕೈ ನಡುಗಿತ್ತು.

ದೂರು ಕೊಡುವುದೂ ಒಂದು ಕೆಲಸ, ಮೇಡಂ. ಫೋನಿನಲ್ಲಿ "ಹೊಗೆ ಬರುತ್ತಿದೆ" ಅಂದರೆ ಸಾಲದು. ಕೌಂಟರ್‌ಗೆ ಹೋಗಿ, ದಿನ, ಹೊತ್ತು, ಯಾವ ಕಡೆಯ ಕ್ಯಾಬಿನ್, ತಾಯಿಗೆ ಉಬ್ಬಸ ಇದೆ, ಎಲ್ಲ ಬರೆಸಿ. ಬೆಂಕಿಯ ಭಯ ಅನ್ನುವ ಮಾತು ಸೇರಿಸಿ. ಸೆಕ್ಯುರಿಟಿಯವರು ಅದಕ್ಕೆ ಬೇಗ ಏಳುತ್ತಾರೆ. ನಿಮ್ಮ ಸ್ಟುವರ್ಡ್‌ಗೂ ಹೇಳಿ. ಪಕ್ಕದವರ ಬಾತ್‌ರೂಮಿನ ಲೋಟದಲ್ಲಿ ನೆನೆದ ತುಂಡು ನಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಪರದೆ ಮೂಸಿದರೆ ಸಾಕು, ಗೊತ್ತಾಗುತ್ತದೆ.

ತುಂಡು ಮೋಡ:

ನಾನು ಸೇದುವವನು. ಈ ಥ್ರೆಡ್ ಓದಿ ನಾಚಿಕೆಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಸೇದುವ ಜಾಗ ಎಷ್ಟೋ ಸಲ ತುಂಬಾ ದೂರ ಇರುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು, ಆರು ಡೆಕ್ ಹತ್ತಿ, ಚಳಿಯಲ್ಲಿ ನಿಲ್ಲಬೇಕು. ಆಗ ಬಾಲ್ಕನಿ ಕೈ ಬೀಸಿ ಕರೆಯುತ್ತದೆ. ಒಮ್ಮೆ ನಾನೂ ಅಲ್ಲೇ ಸೇದಿದ್ದೇನೆ. ಪಕ್ಕದಲ್ಲಿ ಮಗು ಕೆಮ್ಮಿದ್ದು ಕೇಳಿಸಿತು. ಆಮೇಲೆ ಇಲ್ಲ. ಈಗ ಸೇದುವ ಜಾಗದ ಹತ್ತಿರವೇ ಕ್ಯಾಬಿನ್ ಹಿಡಿಯುತ್ತೇನೆ. ಸೇದುವವರು ಯಾರಾದರೂ ಓದುತ್ತಿದ್ದರೆ ಹಾಗೇ ಮಾಡಿ. ಇನ್ನೊಂದು ಮಾತು: ವೇಪ್ (ಇ-ಸಿಗರೇಟು) ಆದರೆ ಪರವಾಗಿಲ್ಲ ಅಂದುಕೊಳ್ಳಬೇಡಿ. ಹೆಚ್ಚಿನ ದೊಡ್ಡ ಕಂಪನಿಗಳಲ್ಲಿ ಅದಕ್ಕೂ ಸಿಗರೇಟಿನ ನಿಯಮವೇ.

ಕಡಲಹಕ್ಕಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಡೆಕ್ ಪ್ಲಾನ್ ತೆಗೆದು ನೋಡಿದೆ. ನಾನು ಗುರುತು ಹಾಕಿಟ್ಟಿದ್ದ ಕ್ಯಾಬಿನ್, ಸೇದುವ ಡೆಕ್‌ಗೆ ಸರಿಯಾಗಿ ಹಿಂದೆ ಇದೆ! ಮುಂಭಾಗಕ್ಕೆ ಬದಲಾಯಿಸಬೇಕು. ಆದರೆ ಅಣ್ಣ, ಮುಂದೆ ಹೋದಷ್ಟೂ ಅಲುಗಾಟ ಜಾಸ್ತಿ ಅಂತಾರಲ್ಲ? ಅಮ್ಮನಿಗೆ ತಲೆ ಸುತ್ತಿದರೆ?

ಹಳೇ ಸ್ಟುವರ್ಡ್:

ನಿಜ, ಮೂತಿಯ ಹತ್ತಿರ ಏರಿಳಿತ ಜಾಸ್ತಿ. ತೀರಾ ಮುಂದಕ್ಕೆ ಹೋಗಬೇಡಿ. ಹಡಗಿನ ನಡುಭಾಗಕ್ಕಿಂತ ನಾಲ್ಕೈದು ಕ್ಯಾಬಿನ್ ಮುಂದೆ, ಬಾಲ್ಕನಿ ಇರುವ ಡೆಕ್‌ಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಹಿಡಿಯಿರಿ. ನಡುವೆ ಇದ್ದಷ್ಟೂ, ಕೆಳಗೆ ಇದ್ದಷ್ಟೂ ಅಲುಗಾಟ ಕಡಿಮೆ. ಮೇಲೆ ಕೆಳಗೆ ಎರಡೂ ಕಡೆ ಕ್ಯಾಬಿನ್‌ಗಳೇ ಇರಬೇಕು, ಬಾರ್ ಇರಬಾರದು. ನಂಬರ್ ಸಿಕ್ಕ ಮೇಲೆ ಇಲ್ಲಿ ಹಾಕಿ, ಪ್ಲಾನ್ ಇಟ್ಟುಕೊಂಡು ನಾನೂ ಒಮ್ಮೆ ನೋಡುತ್ತೇನೆ.